ದೆವ್ವದ ಮೇಷ್ಟ್ರ ಮೂಲೆ

ಬೇಸಿಗೆ ಕಾಲಿಟ್ಟಿತ್ತು. ಒಣಗಿದ ಗೋಧಿ ಗಾಳಿಗೆ ಗಲಗಲ ಎನ್ನುತ್ತಿತ್ತು. ಬೆಳಿಗ್ಗೆಯಿಂದ ಕುಡುಗೋಲು ಆಡಿ ಆಡಿ ಹೊಲದ ಮುಕ್ಕಾಲು ಪಾಲು ಬೋಳಾಗಿತ್ತು. ಹೊಲದೊಡತಿ ಅಕ್ಕ ಹಿಂದಿನಿಂದ ಕುಯ್ದ ಪೈರನ್ನು ಸಿವುಡು ಕಟ್ಟುತ್ತ ಬರುತ್ತಿದ್ದಳು. ಪಡುವಣದ ಮೋಡವನ್ನು ಅವಳು ತಲೆಯೆತ್ತಿ ನೋಡುವುದಕ್ಕೂ ಕುಯ್ಲಿನವರು ಒಬ್ಬೊಬ್ಬರಾಗಿ ಬದು ಹತ್ತುವುದಕ್ಕೂ ಸರಿಹೋಯಿತು.

ಉಳಿದದ್ದು ಹಳ್ಳದ ಕಡೆಯ ಮೂಲೆ. ಇಡೀ ಹೊಲದಲ್ಲೇ ಗಟ್ಟಿ ಕಾಳು ಬಿಡುವ ಮಣ್ಣು ಅದು; ಬಿತ್ತನೆಗೆ ಬೀಜ ತೆಗೆಯುವುದೂ ಅಲ್ಲಿಂದಲೇ. ಹೋದ ವರ್ಷ ಕುಯ್ಲಿನವರು ಅದನ್ನು ಹಾಗೇ ಬಿಟ್ಟು, ಮಳೆಗೆ ತೆನೆಯಲ್ಲೇ ಮೊಳಕೆ ಬಂದು, ಅಕ್ಕ ಬಿತ್ತನೆ ಬೀಜಕ್ಕೆ ಕಂಡಕಂಡವರ ಬಾಗಿಲು ತಟ್ಟಿದ್ದಳು.

"ಅದೊಂದು ಬಿಟ್ಬಿಡಿ ಅಕ್ಕಾ," ಎಂದ ಕುಯ್ಲಿನ ಮೇಸ್ತ್ರಿ. "ತೆನೆ ಬಲಿತ ಮೇಲೆ ಅಲ್ಲಿ ಮದುಮಗಳು ನಿಂತಿರ್ತಾಳೆ."

"ಯಾವ ಮದುಮಗಳೋ?"

"ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ! ಕೈಯಲ್ಲಿ ಕುಡುಗೋಲು ಇದೆ, ಕತ್ತಿನ ಮೇಲೆ ತಲೆಯಿಲ್ಲ. ನಮ್ಮಜ್ಜನೇ ಕಣ್ಣಾರೆ ಕಂಡಿದ್ದ."

"ನಿಮ್ಮಜ್ಜ ಮಣ್ಣಾಗಿ ಎಷ್ಟೋ ವರ್ಷ ಆದ್ಮೇಲೆ ನನ್ನ ತಮ್ಮ ಅವಳನ್ನ ಹುಟ್ಟಿಸಿದ್ದು. ನನ್ನ ಅಡುಗೆಮನೇಲಿ ಕೂತು, ಎರಡನೇ ಸಲ ಬಡಿಸಿಕೊಳ್ತಾ!"

"ಹಾಗಾದ್ರೆ ನಮ್ಮಜ್ಜ ಸತ್ತಮೇಲೆ ಕಂಡಿರಬೇಕು ಬಿಡಿ," ಎಂದು ಮೇಸ್ತ್ರಿ ಜಾಗ ಖಾಲಿ ಮಾಡಿದ.

ಊರಿಗೆಲ್ಲ ಅವಳ ತಮ್ಮ ದೆವ್ವದ ಮೇಷ್ಟ್ರು. ಲೆಕ್ಕ ಕಲಿಸಪ್ಪಾ ಎಂದರೆ ಹೆಣದ ಕಥೆ ಹೇಳಿ, ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಂಡು, ಶಾಲೆಯ ಕೆಲಸ ಹೋಯಿತು. ತವರಿಗೆ ಹೋದ ಹೆಂಡತಿ ತಿರುಗಿ ನೋಡಲಿಲ್ಲ. ಬಾಟಲಿಯೊಂದೇ ಕೈಬಿಡಲಿಲ್ಲ. ಅಕ್ಕನ ಅಟ್ಟ ಸೇರಿ, ಅವಳು ಹಾಕಿದ್ದು ಉಂಡು, ಓದಿದವರ ಮೈ ನಡುಗುವಂಥ ಪುಸ್ತಕಗಳನ್ನು ಬರೆದ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ಮಾತ್ರ "ಅಕ್ಕಾ, ಜೊತೆಗೆ ಬಾರೇ" ಎನ್ನುತ್ತಿದ್ದ. ಎದೆರೋಗ ಬಂದು ಸತ್ತ. ಹೆಸರು ಬಂದದ್ದು ಆಮೇಲೆ.

ಮೇಸ್ತ್ರಿಗೆ ಬೈದಳೇನೋ ನಿಜ. ಆದರೆ ಆ ಮದುಮಗಳ ಕಥೆಯನ್ನು ಎಲ್ಲರಿಗಿಂತ ಮೊದಲು ಕೇಳಿದವಳು ಅವಳೇ. ಅಂದಿನಿಂದ ಬಲಿತ ಪೈರಿರುವಾಗ ಅವಳೂ ಆ ಮೂಲೆಗೆ ಕಾಲಿಟ್ಟಿರಲಿಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ಪೇಟೆಯವರು ಮೂವರು ಕಂಡರು. ಒಬ್ಬ ಗಂಡ, ಅವನ ಹೆಂಡತಿ, ಜೊತೆಗೆ ಕನ್ನಡಕದ ದಢೂತಿಯೊಬ್ಬ. ದಢೂತಿಯ ಕಂಕುಳಲ್ಲಿ ತಮ್ಮನ ಪುಸ್ತಕ.

"ಅಮ್ಮಾ, ತಲೆಯಿಲ್ಲದ ಮದುಮಗಳ ಮೂಲೆ ಇದೇನಾ? ಸ್ವಲ್ಪ ನೋಡಬಹುದಾ?" ಎಂದ ಅವನು.

ಅಕ್ಕ ಮೋಡ ನೋಡಿದಳು, ಗೋಧಿ ನೋಡಿದಳು, ಮೂವರ ಆರು ಕೈ ನೋಡಿದಳು.

"ಸುಮ್ನೆ ನಿಂತವರಿಗೆ ಅವಳೆಲ್ಲಿ ಕಾಣ್ತಾಳೆ? ಕುಯ್ಯೋರಿಗೆ ಮಾತ್ರ. ಪುಸ್ತಕದಲ್ಲಿ ಇಲ್ವಾ?"

"ಇದೆ, ಇದೆ!" ದಢೂತಿ ಪುಳಕಗೊಂಡ.

ಕುಡುಗೋಲು ಹಂಚಿದ್ದಾಯಿತು. ಹೆಂಡತಿ ನಡುಗುತ್ತಲೇ ಚೆನ್ನಾಗಿ ಕುಯ್ದಳು. ಗಂಡ ಹೆಂಡತಿಯ ಹಿಂದೆಯೇ ಉಳಿದ. ಪೈರಿನಿಂದ ಹಕ್ಕಿ ಎದ್ದಾಗಲೆಲ್ಲ ದಢೂತಿ ಕಿರುಚಿಕೊಂಡು, ಮರುಕ್ಷಣ "ಆಹಾ, ಎಂಥಾ ಲೇಖಕ!" ಎನ್ನುತ್ತಿದ್ದ.

"ಕ್ಷೌರ ಅಲ್ಲ ಸ್ವಾಮೀ, ಬುಡಕ್ಕೆ ಹಾಕಿ ಬುಡಕ್ಕೆ!" ಅಕ್ಕ ದೂರದಿಂದಲೇ ಕೂಗಿದಳು.

"ನೀವೂ ಬನ್ನಿ ಅಮ್ಮಾ," ಎಂದ ದಢೂತಿ.

"ನನಗೆ ಇಲ್ಲಿ ಕಟ್ಟೋದಿದೆ."

ದಪ್ಪ ಹನಿಯೊಂದು ಬಿತ್ತು. ಉಳಿದದ್ದು ಒಂದೇ ಸಾಲು. ಹೆಂಡತಿ ಕುಡುಗೋಲು ಕೆಳಗಿಟ್ಟಳು. "ಕೊನೇ ಸಾಲು ಕುಯ್ದವರ ತಲೆ ಮದುಮಗಳಿಗೆ ಅಂತ ಪುಸ್ತಕದಲ್ಲಿ ಇದೆಯಲ್ಲ..." ಮೂವರೂ ಒಂದೇ ನೆಗೆತಕ್ಕೆ ಬದು ಸೇರಿದರು.

ಇಡೀ ಮೂಲೆಯಲ್ಲಿ ಕಾಳು ತುಂಬಿ ಬಾಗಿದ್ದದ್ದು ಆ ಸಾಲೇ. ಅಕ್ಕ ಸೆರಗು ಬಿಗಿದಳು. ತಮ್ಮನನ್ನು ಬೈದುಕೊಂಡೇ ಮೂಲೆಗೆ ಇಳಿದಳು.

"ಕಥೆ ಕಟ್ಟೋಕೆ ಬೇರೆಯವರ ಹೊಲ ಸಿಗಲಿಲ್ವೇನೋ ನಿನಗೆ? ಉಂಡ ಮನೆ ಬೀಜಕ್ಕೇ ಕಲ್ಲು ಹಾಕ್ತೀಯಾ, ಸೋಮಾರಿ!"

ಬೈಗುಳಕ್ಕೊಂದು ಹಿಡಿಯಂತೆ ಸಾಲು ಸವೆಯಿತು. ಕೊನೆಯ ಹಿಡಿಗೆ ಕಣ್ಣು ಮುಚ್ಚಿ ಕುಡುಗೋಲು ಎಳೆದಳು. ಮೆಲ್ಲನೆ ಕತ್ತು ಮುಟ್ಟಿಕೊಂಡಳು. ತಲೆ ಇತ್ತು.

ಮೂವರೂ ಚಪ್ಪಾಳೆ ತಟ್ಟಿದರು. ಮಳೆ ಬಿರುಸಾಗುವ ಮೊದಲೇ ಸಿವುಡುಗಳೆಲ್ಲ ಅವರ ತಲೆಯ ಮೇಲೆ ಕೊಟ್ಟಿಗೆ ಸೇರಿದವು. ದಢೂತಿಯ ಕೈಯೆಲ್ಲ ಬೊಬ್ಬೆ, ಮುಖವೆಲ್ಲ ಸಂತೋಷ. "ಬರೋ ವರ್ಷ ನಮ್ಮ ಓದುಗರ ಬಳಗಾನೆಲ್ಲ ಕರ್ಕೊಂಡು ಬರ್ತೀನಿ ಅಮ್ಮಾ!"

ಅವರನ್ನು ಕಳಿಸಿ, ಅಕ್ಕ ಬೋಳು ಮೂಲೆಯ ಕಡೆ ತಿರುಗಿದಳು.

"ಕೇಳಿಸ್ತೇನೋ? ನೀನುಂಡ ಲೆಕ್ಕದಲ್ಲಿ ಇವತ್ತಿಂದು ಬಡ್ಡಿಗೆ ಹೋಯ್ತು. ಅಸಲು ಹಾಗೇ ಇದೆ."