ಮನೇಲವ್ನೆ

“ಹರ್ಬರ್ಟ್ ಥರ್ಟಲ್, ಗ್ರಂಗಮ್.”

ಮೇವಿಸ್ ಥರ್ಟಲ್‌ಳ ಕೈಯಲ್ಲಿದ್ದ ಬಟ್ಟೆ ಹಿತ್ತಾಳೆಯ ಕಂಬದ ಮೇಲೆ ಅರ್ಧ ಸುತ್ತು ಹೋಗಿ ನಿಂತಿತು. ಶನಿವಾರದ ಮಧ್ಯಾಹ್ನ, ಚರ್ಚಿನಲ್ಲಿದ್ದವರು ಇಬ್ಬರೇ. ಬಾಗಿಲ ಬಳಿ ಮೇಣದಬತ್ತಿಯ ಕಂಬಗಳನ್ನು ಉಜ್ಜುತ್ತಿದ್ದ ಇವಳು, ಆ ತುದಿಯಲ್ಲಿ ಖಾಲಿ ಬೆಂಚುಗಳಿಗೆ ಬೆನ್ನು ಮಾಡಿ ಹಾಳೆ ಹಿಡಿದು ನಿಂತಿದ್ದ ಪಾದ್ರಿಯಮ್ಮ ಜುಡಿತ್ ಹೆಡ್ಲಿ. ನಾಳೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಭಾನುವಾರ. ಪಾದ್ರಿಯಮ್ಮ ಪಟ್ಟಿಯನ್ನು ಅಭ್ಯಾಸ ಮಾಡುತ್ತಿದ್ದಳು.

“ಗ್ರಂ-ಗಮ್,” ಎಂದಳು ಮತ್ತೊಮ್ಮೆ, ಸಾರಿನ ಉಪ್ಪು ನೋಡುವವಳ ಹಾಗೆ.

ಮೇವು ಸುರಿಯುವುದು ಎರಡು ನಿಮಿಷ ತಡವಾದರೆ ಹಂದಿಗೂಡಿನಿಂದ ಬರುವ ಸದ್ದು ಅದು. ಎಂಬತ್ತೊಂದು ವರ್ಷದ ಮೇವಿಸ್‌ಗೆ ಹಂದಿಗಳು ಗೊತ್ತು. ಹರ್ಬರ್ಟ್ ಅಣ್ಣನೂ ಗೊತ್ತು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಇದುವರೆಗೆ ಯಾರೂ ಕೂಗಿರಲಿಲ್ಲ.

“ಇನ್ನೊಂದ್ ಸಲ ಅನ್ನಿ,” ಎಂದಳು.

ಜುಡಿತ್ ತಿರುಗಿದಳು. ಮುಖದ ತುಂಬ ಸಂತೋಷ. “ಓ, ಮೇವಿಸ್! ನೀವಿರುವುದು ಗೊತ್ತೇ ಆಗಲಿಲ್ಲ. ಈ ಸಲ ನಾನು ಚೆನ್ನಾಗಿ ತಯಾರಾಗಿದ್ದೇನೆ, ಕೇಳಿ.” ಅವಳ ಮಾತು ಯಾವಾಗಲೂ ರೇಡಿಯೋ ವಾರ್ತೆಯ ಹಾಗೆ, ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿಟ್ಟದ್ದು. “ಸ್ಯಾಮ್ಯುಯೆಲ್ ಗೆಜ್, ಸ್ಕ್ವಾಕ್. ಫ್ರೆಡ್ರಿಕ್ ಡ್ಯಾಕ್, ವೌಸ್ಟನ್…”

ವುಲ್ವರ್ಡೆಸ್ಟನ್ ಎಂದು ಬೋರ್ಡಿನಲ್ಲಿರುವ, ಈ ಚರ್ಚಿರುವ ಊರನ್ನು ಇಲ್ಲಿ ಹುಟ್ಟಿದವರು ವುಲ್ಸನ್ ಎನ್ನುತ್ತಾರೆ. ನಾರ್ಫೋಕ್ ಸೀಮೆಯ ಊರ ಹೆಸರುಗಳು ಬರಹದಲ್ಲಿ ದಿಬ್ಬಣದ ಹಾಗೆ ಹೊರಡುತ್ತವೆ. ಬಾಯಿಗೆ ಬರುವಷ್ಟರಲ್ಲಿ ಅರ್ಧ ಜನ ದಾರಿಯಲ್ಲೇ ಇಳಿದುಹೋಗಿರುತ್ತಾರೆ. ಹ್ಯಾಪಿಸ್‌ಬರ್ಗ್ ಹೇಜ್‌ಬ್ರ ಆಗುತ್ತದೆ, ವೈಮಂಡ್‌ಹ್ಯಾಮ್ ವಿಂಡಮ್ ಆಗುತ್ತದೆ. ವುಲ್ಸನ್‌ಗೆ ಸೇರಿದ ಹಳ್ಳಿಗಳೂ ಹಾಗೆಯೇ: ಸ್ಯಾಲೋಥ್ವಿಕ್ ಎಂದರೆ ಸ್ಯಾಲಿಕ್, ಮೇವಿಸ್ ಹುಟ್ಟಿದ ಗಾರ್ನೆರಿಂಗ್‌ಹ್ಯಾಮ್ ಎಂದರೆ ಗಾರ್ನಮ್. ಹೊರಗಿನವರು ತಪ್ಪಾಗಿ ಅಂದರೆ ತಿದ್ದುವ ಪದ್ಧತಿಯಿಲ್ಲ. ಅವರು ಹೊರಗಿನವರು ಎಂದು ಗೊತ್ತಾದರೆ ಸಾಕು.

ಇನ್ನೊಂದು ಪದ್ಧತಿಯಿದೆ. ಚರ್ಚಿನ ಅಂಗಳದ ಕಲ್ಲು ಶಿಲುಬೆಯ ಮೇಲೆ ಹನ್ನೊಂದು ಹೆಸರುಗಳಿವೆ, ಒಂದೊಂದರ ಮುಂದೆಯೂ ಅವನವನ ಹಳ್ಳಿ. ಈ ಭಾನುವಾರ ಪಾದ್ರಿ ಹೆಸರನ್ನೂ ಹಳ್ಳಿಯನ್ನೂ ಕೂಗಬೇಕು. ಆ ಮನೆಯವರೊಬ್ಬರು “ಮನೇಲವ್ನೆ” ಎಂದು ಓಗೊಡಬೇಕು. ಒಂದೇ ಸಲ ಕೂಗು, ಒಂದೇ ಸಲ ಓಗೊಡುವುದು. ಹೋದ ವರ್ಷ, ಊರಿಗೆ ಬಂದು ಮೂರು ವಾರವಾಗಿದ್ದ ಜುಡಿತ್, ಕಲ್ಲಿನ ಮೇಲೆ ಕೆತ್ತಿದ್ದನ್ನು ಕೆತ್ತಿದ ಹಾಗೆಯೇ ಓದಿದಳು. ಹನ್ನೊಂದು ಸಲವೂ ಯಾರೊಬ್ಬರೂ ಬಾಯಿ ತೆರೆಯಲಿಲ್ಲ. ಅವಳು ಕೂಗಿದ ಹಳ್ಳಿಗಳೇ ಇಲ್ಲ; ಇಲ್ಲದ ಹಳ್ಳಿಯಲ್ಲಿ ಮನೆ ಎಲ್ಲಿಂದ ಬರಬೇಕು?

ಮೇವಿಸ್ ಕೂಡ ತೆರೆದಿರಲಿಲ್ಲ. ಹರ್ಬರ್ಟ್ ಹತ್ತೊಂಬತ್ತು ವರ್ಷಕ್ಕೆ ಹಡಗಿನೊಂದಿಗೆ ಮುಳುಗಿದವನು. ದೇಹ ಸಿಗಲಿಲ್ಲ, ಗೋರಿಯಿಲ್ಲ. ವರ್ಷಕ್ಕೊಮ್ಮೆ ಅವನು ಮನೆಗೆ ಬರುತ್ತಿದ್ದುದು ಆ ಒಂದು ಮಾತಿನ ಮೇಲೆ. ಇಪ್ಪತ್ತೆಂಟು ವರ್ಷ ಅಮ್ಮ ಓಗೊಟ್ಟಳು, ಆಮೇಲೆ ನಲವತ್ತು ವರ್ಷ ಮೇವಿಸ್. ಹೋದ ವರ್ಷ ಮೊದಲ ಸಲ ಅವನು ಹೊರಗೆ ಉಳಿದ. ಬರುವ ಬುಧವಾರ ನಾರ್ವಿಚ್‌ನ ಆಸ್ಪತ್ರೆಯಲ್ಲಿ ಮೇವಿಸ್‌ಳ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಪಕ್ಕದ ಮನೆಯವರಿಗೂ ಅವಳು ಹೇಳಿರಲಿಲ್ಲ. ಥರ್ಟಲ್ ಮನೆತನದಲ್ಲಿ ಅವಳ ಹಿಂದೆ ಇನ್ನೊಂದು ಬಾಯಿ ಇಲ್ಲ.

“ಯಾರು ಯೋಳ್ಕೊಟ್ಟೋರು ಇದ್ನ?”

“ಡೆನ್ನಿ. ಅಂಚೆಯ ಡೆನ್ನಿ ಗೆಜ್. ಮೂರು ಸಂಜೆ ಪಬ್ಬಿನಲ್ಲಿ ಕೂತು ಒಂದೊಂದಾಗಿ ಹೇಳಿಕೊಟ್ಟರು. ಎಷ್ಟು ತಾಳ್ಮೆ ಗೊತ್ತೇ ಅವರಿಗೆ!”

“ಪಬ್ಬಿನಾಗೆ ಬ್ಯಾರೆ ಜನ ಇದ್ರಾ?”

“ತುಂಬಾ ಜನ. ಎಲ್ಲರೂ ಬಹಳ ಪ್ರೋತ್ಸಾಹ…”

“ಸ್ಕ್ವಾಕ್ ಅಂದ್ರೆ ಬಾತುಕೋಳಿ. ವೌ ಅಂದ್ರೆ ನಾಯಿ. ಗ್ರಂ ಅಂದ್ರೆ ಹಂದಿ,” ಮೇವಿಸ್ ಬೆರಳು ಮಡಿಸಿದಳು. “ನಾಳೆ ನೀವು ಆ ಕಲ್ಲಿನ ಮುಂದೆ ನಿಂತು ಸತ್ತೋರನ್ನ ಕರಿಯಕ್ಕಿಲ್ಲ ಪಾದ್ರಿಯಮ್ಮ, ಕೊಟ್ಟಿಗೆ ಬಾಗ್ಲು ತೆಗೀತೀರಿ. ಊರೆಲ್ಲ ನಗಾಡ್ತದೆ. ನಮ್ಮಣ್ಣನ್ನ ಹಂದಿ ಮಾಡ್ತೀರಿ ನೀವು!”

ಕೊನೆಯ ಮಾತು ಗಂಟಲಲ್ಲೇ ಸೀಳಿತು. ಅವಳು ಕುತ್ತಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದಳು.

ಜುಡಿತ್‌ಳ ಕೊರಳಪಟ್ಟಿಯಿಂದ ಕೆಂಪು ಮೇಲೇರುತ್ತಾ ಕಿವಿ ತಲುಪಿತು. ಹಾಳೆ ಅವಳ ಮುಷ್ಟಿಯೊಳಗೆ ಉಂಡೆಯಾಯಿತು. ಬಾಯಿ ತೆರೆದಾಗ ರೇಡಿಯೋ ಮಾಯವಾಗಿತ್ತು. ಬಂದದ್ದು ಉತ್ತರದ ಗಣಿ ಸೀಮೆಯ ಮಾತು.

“ನಾ ಮಾಡ್ತೀನೇನ್ರೀ? ನಾ ಮಾಡ್ತೀನಿ ಹಂದಿ? ಹೋದ್ ವರ್ಷ ಹನ್ನೊಂದ್ ಹೆಸರು ಓದೀನಿ, ಹನ್ನೊಂದು! ಒಬ್ಬರರ ಪಿಟಕ್ಕಂದ್ರೇನು? ಓದೂಕಿಂತ ಮೊದ್ಲ ನಿಮ್ಮ ಚರ್ಚಿನ ಹಿರ್ಯಾನ್ನ ಕೇಳೀನಿ, ಇವನ್ನ ಹೆಂಗ ಅನ್ಬೇಕ್ರೀ ಅಂತ. ‘ನಿಮ್ಮಿಷ್ಟ ಪಾದ್ರಿಯಮ್ಮ, ನಿಮ್ಮಿಷ್ಟ’ ಅಂದಾ! ನೀವೂ ಅಲ್ಲೇ ನಿಂತಿದ್ರಿ, ಮುಂದಿನ ಸಾಲಿನ್ಯಾಗ, ಕಲ್ಲ್ ನಿಂತಂಗ. ‘ತಂಗಿ, ಅದು ಹಂಗಲ್ಲವ್ವಾ’ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?”

“ತಿದ್ದೋ ಪದ್ಧತಿ ನಮ್ಮಲ್ಲಿಲ್ಲ.”

“ಸುಡ್ರೀ ನಿಮ್ ಪದ್ಧತಿ! ಇದು ನಿಮಗಷ್ಟ ಅದ ಅಂತ ತಿಳ್ಕೊಂಡೀರೇನು? ನಮ್ಮೂರು ಬರಿಯೂದು ಕ್ಯಾಂಬಾಯ್ಸ್, ಅನ್ನೂದು ಕ್ಯಾಮಸ್. ನಮ್ಮಪ್ಪ ಅಲ್ಲೇ ಕಲ್ಲಿದ್ದಲು ಗಣ್ಯಾಗ ದುಡದಾಂವ. ಯಾರರ ತಪ್ಪಂದ್ರ ಅವರನ್ನ ಮನೀಗೆ ಕರಕೊಂಡ್ ಬಂದು, ಬಾಯಿಗೆ ಕೂಡೂತನಕಾ ಅನಸಿ, ಚಾ ಕುಡಿಸಿ ಕಳಸ್ತಿದ್ದಾ. ಪಾದ್ರಿ ಕಾಲೇಜಿನ್ಯಾಗ ನಾ ಬಾಯಿ ತಗದ್ರ ಸಾಕು, ನನ್ನಂಗ ಆಡಿ ತೋರಿಸಿ ನಗ್ತಿದ್ರು. ಅದಕ್ಕ ಈ ಬಾಯಿ ತೊಳಕೊಂಡು ಇಲ್ಲಿಗೆ ಬಂದ್ರ, ಇಲ್ಲೂ ನಗ್ಯಾಟ್ಲೆನ!”

ಮೇವಿಸ್ ಅವಳನ್ನೇ ನೋಡುತ್ತಿದ್ದಳು. ಒಂದು ವರ್ಷದಿಂದ ಈ ಹೆಂಗಸಿಗೆ ಊರೇ ಇಲ್ಲ ಎಂದುಕೊಂಡಿದ್ದಳು. ಈಗ ಕೇಳಿದ್ದು ಬೇರೆ ಸೀಮೆಯ ಮಾತು. ಆದರೆ ಸೀಮೆಯಿರುವ ಮಾತು. ಸಿಟ್ಟೇನೂ ಇಳಿಯಲಿಲ್ಲ. ಅದು ಪಾದ್ರಿಯಮ್ಮನನ್ನು ಬಿಟ್ಟು, ಹೋದ ವರ್ಷ ಬಿಗಿಹಿಡಿದಿದ್ದ ತನ್ನ ತುಟಿಗಳ ಕಡೆಗೆ ಹೊರಳಿತು. ಅಲ್ಲಿ ಇನ್ನೂ ಜೋರಾಗಿ ಉರಿಯಿತು.

“ಗಾರ್ನಮ್,” ಎಂದಳು.

“ಏನಂದ್ರಿ?”

“ಗಾರ್ನಮ್. ‘ಗಾ’ ಎಳೀಬೇಕು. ‘ನಮ್’ ಅನ್ನೋದ್ನ ಅಂದೂ ಅನ್ನದಂಗೆ ಬಿಟ್ಬುಡ್ಬೇಕು.” ಬೆಂಚಿನ ಮೇಲೆ ಧಪ್ಪೆಂದು ಕೂತಳು. “ಬುಧವಾರ ನನ್ ಗಂಟ್ಲು ಕುಯ್ತಾರೆ. ನಾಳೆ ತಪ್ಪುದ್ರೆ ನಮ್ಮಣ್ಣಂಗೆ ಓಗೊಡಕ್ಕೆ ಯಾರೂ ಇಲ್ಲ ಕಣವ್ವ. ಕೂತ್ಕೋ. ಮೊದಲ್ನೇದ್ರಿಂದ ಸುರು ಮಾಡು.”

ಜುಡಿತ್ ಉಂಡೆಯಾಗಿದ್ದ ಹಾಳೆಯನ್ನು ತೊಡೆಯ ಮೇಲಿಟ್ಟು ಬಿಡಿಸಿದಳು. ಒಂದು ಗಂಟೆ ಕೂತರು. ಮೇವಿಸ್ ಒರಟಾಗಿ ತಿದ್ದಿದಳು. ಜುಡಿತ್ ಒರಟಾಗಿಯೇ ಕಲಿತಳು. ಎಂಟನೆಯ ಹೆಸರಿನ ಹೊತ್ತಿಗೆ ಡೆನ್ನಿ ಹೇಳಿಕೊಟ್ಟಿದ್ದೆಲ್ಲವನ್ನೂ ಜುಡಿತ್ ಒಂದೇ ಏಟಿಗೆ, ಬೋಧನೆ ಮಾಡುವ ಗಾಂಭೀರ್ಯದಲ್ಲಿ ಓದಿಬಿಟ್ಟಳು: ಬಾತು, ನಾಯಿ, ಹಂದಿ, ಕುರಿ, ಗೊಡ್ಡು ಹಸು. ಓದಿ ನಗತೊಡಗಿದಳು. ಮಾಳಿಗೆಯ ತೊಲೆಗಳೆಲ್ಲ ನಕ್ಕವು.

“ನಗಬ್ಯಾಡ,” ಎಂದಳು ಮೇವಿಸ್.

“ನಗಲಿಲ್ಲಂದ್ರ ಆ ಮಗನ್ನ ಕೊಂದೇ ಬಿಡ್ತೀನ್ರೀ ನಾ,” ಎಂದು ಜುಡಿತ್ ಕಣ್ಣೊರೆಸಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಅಂಚೆಯ ಕೆಂಪು ವ್ಯಾನು ಪಕ್ಕಕ್ಕೆ ಬಂದು ನಿಂತಿತು. ಕಿಟಕಿಯಿಂದ ಪಾದ್ರಿಯಮ್ಮನ ಧ್ವನಿ ಬಂತು: “ಪ್ರೀತಿಯ ಮೇವಿಸ್, ಇಷ್ಟು ಚಳಿಯಲ್ಲಿ ನಡೆಯುವುದೇ?” ಡೆನ್ನಿ ಗೆಜ್ ಹಲ್ಲು ಬಿಟ್ಟ. ನಲವತ್ತು ದಾಟಿದ ಆಸಾಮಿ. ಯಾರದೇ ಧ್ವನಿಯನ್ನು ಒಂದು ಲೋಟ ಬಿಯರ್ ಮುಗಿಯುವಷ್ಟರಲ್ಲಿ ಕದಿಯಬಲ್ಲವನು. ಬೇರೆ ದಿನವಾಗಿದ್ದರೆ ಮೇವಿಸ್ ನಗುತ್ತಿದ್ದಳು.

“ಹತ್ತಜ್ಜಿ, ಮನೆತಾವ ಬಿಡ್ತೀನಿ.”

“ಕಾಲವೆ ನಂಗೆ.”

“ಯಾಕಜ್ಜಿ, ಮುಖ ಒಡ್ದೋದ್ ಹಾಲಂಗೈತೆ? ನಾಳೆ ಒಸಿ ಬೇಗ ಬಂದು ಮುಂದ್ಗಡೆ ಜಾಗ ಹಿಡ್ಕೋ. ಪಬ್ಬಿನೋರೆಲ್ಲ ಬತ್ತಾವ್ರೆ.”

“ನಿಮ್ಮ ಮುತ್ತಾತನ ಹೆಸ್ರಿಗೆ ಏನ್ಲಾ ಮಡಗಿದ್ದೀಯ?”

“ಓಹೋ, ಗೊತ್ತಾಗೋಯ್ತಾ? ಸ್ಕ್ವಾಕ್!” ಅವನು ಮೊಣಕೈ ಬಡಿದು ಬಾತುಕೋಳಿಯಾದ.

“ಅವ್ಳು ಸ್ಕ್ವಾಕ್ ಅಂದ್ರೆ ನೀನು ಓಗೊಡ್ತೀಯಾ?”

“ನಾನ್ಯಾಕ್ ಕೊಡ್ಲಿ? ಹೋದ್ ವರ್ಷ ಏನಂದ್ಲು ಕೇಳಿಲ್ವಾ ನೀನು? ಸ್ಯಾ-ಲೋ-ಥ್ವಿಕ್ಕು! ವಾರಕ್ಕೆರಡು ದಿನ ಬಂದು ಬೀಗ ಜಡ್ಕೊಂಡೋಗೋ ಲಂಡನ್ನೋರು ಅಂದಂಗೆ. ನಮ್ಮಜ್ಜನ ಮನೇನೂ ಅವ್ರೇ ತಕ್ಕೊಂಡ್ರು. ಅದೇ ಮನೇಗೆ ನಾನು ಅವ್ರ ಕಾಗ್ದ ತಕ್ಕೊಂಡೋಯ್ತೀನಿ ದಿನಾ. ಹೆಸ್ರೊಂದು ನಮ್ದಾಗಿ ಉಳ್ದಿತ್ತು.” ಡೆನ್ನಿಯ ಬಾಯಿಂದ ಬರುತ್ತಿದ್ದ ಧ್ವನಿ ಈಗ ಯಾರಿಂದಲೂ ಕದ್ದದ್ದಾಗಿರಲಿಲ್ಲ. “ಒಂದಿನ ಹೊರಗ್ನೋರೂ ನಗೆಪಾಟ್ಲಾಗ್ಲಿ, ಏನಾಯ್ತದೆ?”

“ಈ ವರ್ಷಾನೂ ನಿಮ್ ಮುತ್ತಾತ ಬಾಗ್ಲಾಚೆ ನಿಂತ್ಕೋತಾನೆ. ಅಷ್ಟೇಯ ಆಗೋದು.”

ಮೇವಿಸ್‌ಗೆ ಹೇಳಬೇಕಾದದ್ದು ಇನ್ನೂ ಇತ್ತು. ಇದ್ದ ಧ್ವನಿಯನ್ನು ಇವನ ಮೇಲೆ ಖರ್ಚು ಮಾಡಲು ಮನಸ್ಸಾಗಲಿಲ್ಲ. “ನಡೀಲಾ ಅತ್ಲಾಗೆ,” ಎಂದು ವ್ಯಾನಿನ ಬಾಗಿಲಿಗೊಂದು ಗುದ್ದು ಹಾಕಿ ಹೊರಟಳು. ಆಮೇಲೆ ಬೆಳಗಿನವರೆಗೆ ಒಂದು ಮಾತೂ ಆಡಲಿಲ್ಲ.

ಭಾನುವಾರ ಗಾಳಿಯಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಅಂಗಳದಲ್ಲಿ ಎಂದೂ ಇಲ್ಲದಷ್ಟು ಜನ. ಕೋಟುಗಳ ಮೇಲೆ ಮಡಿದವರ ನೆನಪಿನ ಕೆಂಪು ಕಾಗದದ ಹೂ. ಹಿಂದಿನ ಸಾಲಿನ ಪಬ್ಬಿನವರ ಕೈಯಲ್ಲಿ ಕರವಸ್ತ್ರಗಳು ಬಾಯಿಯ ಹತ್ತಿರವೇ ಸಿದ್ಧವಾಗಿದ್ದವು. ಮುಂದೆ ಡೆನ್ನಿ, ಮುತ್ತಾತನ ಪದಕಗಳನ್ನು ಬಲ ಎದೆಗೆ ಚುಚ್ಚಿಕೊಂಡು, ನಗು ತಡೆಯಲು ಕೆನ್ನೆಗಳನ್ನು ಉಬ್ಬಿಸಿ ನಿಂತಿದ್ದ.

ಜುಡಿತ್ ಶಿಲುಬೆಯ ಮುಂದೆ ಬಂದು ಹಾಳೆ ಎತ್ತಿದಳು.

“ಸ್ಯಾಮ್ಯುಯೆಲ್ ಗೆಜ್, ಸ್ಯಾಲಿಕ್.”

ಸರಿಯಾಗಿತ್ತು. ಸ್ಯಾಲಿಕ್‌ನಲ್ಲಿ ಹುಟ್ಟಿದವರೂ ಅದಕ್ಕಿಂತ ಸರಿಯಾಗಿ ಅನ್ನಲಾರರು. ಕರವಸ್ತ್ರಗಳು ಇದ್ದಲ್ಲೇ ನಿಂತವು. ಡೆನ್ನಿಯ ಕೆನ್ನೆಗಳೂ ಉಬ್ಬಿದ ಹಾಗೆಯೇ ನಿಂತವು. ಬಾತುಕೋಳಿಗೆ ಕಾದು ಕೂತಿದ್ದ ಕಿವಿಯೊಳಗೆ ಮುತ್ತಾತ ಬಂದು ನಿಂತಿದ್ದ. ಇವನಿಗೆ ಬಾಯಿ ಬರಲಿಲ್ಲ. ಒಂದು ಉಸಿರು ಹೋಯಿತು. ಎರಡು ಹೋಯಿತು. ಒಂದೇ ಸಲ ಕೂಗುವ ಪದ್ಧತಿ. ಇನ್ನೇನು ಎರಡನೆಯ ಹೆಸರು ಬಂದರೆ ಮುಗಿಯಿತು. ಸರಿಯಾಗಿ ಕರೆದರೂ ಓಗೊಡದ ಮನೆ ಎಂದು ಊರು ಅದನ್ನು ಇನ್ನು ನೂರು ವರ್ಷ ಆಡಿಕೊಳ್ಳುತ್ತದೆ. ಮೇವಿಸ್ ಹಲ್ಲು ಕಚ್ಚಿದಳು. ಅವನ ಮನೆಯ ಪರವಾಗಿ ಅವಳು ಓಗೊಡುವಂತಿಲ್ಲ, ಬೆನ್ನಿಗೊಂದು ಬಿಡಬೇಕೆನ್ನಿಸಿತು.

ಜುಡಿತ್ ಮುಂದಿನ ಹೆಸರಿಗೆ ಹೋಗಲಿಲ್ಲ. ಹಾಳೆಯನ್ನು ಕೆಳಗಿಳಿಸಿ ಡೆನ್ನಿಯನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕ್ಷಮೆ ಏನೂ ಇರಲಿಲ್ಲ. ಇಸ್ತ್ರಿಯ ಮಾತು ಬಿಟ್ಟು, ಅವಳಪ್ಪ ಗಣಿಯ ಬಾಯಿಯಲ್ಲಿ ನಿಂತು ಕೂಗುತ್ತಿದ್ದ ಹಾಗೆ, ಕೂಗಬಾರದ ಎರಡನೆಯ ಸಲ ಕೂಗಿದಳು.

“ಸ್ಯಾಮ್ಯುಯೆಲ್ ಗೆಜ್! ಸ್ಯಾಲಿಕ್‌ನಾಂವಾ!”

“ಮನೇಲವ್ನೆ,” ಎಂದ ಡೆನ್ನಿ. ನೂರು ಧ್ವನಿ ಬಲ್ಲವನ ಈ ಧ್ವನಿಯನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ತುಂಬ ಸಣ್ಣದಿತ್ತು. ಅವನು ತಲೆ ತಗ್ಗಿಸಿದ; ಪದಕಗಳು ಒಂದಕ್ಕೊಂದು ತಗುಲಿ ಸದ್ದು ಮಾಡಿದವು.

ಆಮೇಲೆ ತಡವಾಗಲಿಲ್ಲ. ಡ್ಯಾಕ್ ಮನೆಯವರು ಓಗೊಟ್ಟರು. ಅಟ್ಟಿಂಗ್ ಮನೆಯ ಮುದುಕ ಊರುಗೋಲು ನೆಲಕ್ಕೆ ಕುಟ್ಟಿ ಓಗೊಟ್ಟ. ಒಂದಾದ ಮೇಲೊಂದು, ಒಂಬತ್ತು ಮನೆಗಳ ಬಾಗಿಲು ತೆರೆದವು.

“ಹರ್ಬರ್ಟ್ ಥರ್ಟಲ್, ಗಾರ್ನಮ್.”

‘ಗಾ’ ಎಳೆದಿತ್ತು. ‘ನಮ್’ ಅಂದೂ ಅನ್ನದಂತಿತ್ತು. ಮೆಲ್ಲಗೆ, ಅಮ್ಮ ಅನ್ನುತ್ತಿದ್ದ ಹಾಗೆ ಅನ್ನಬೇಕು ಎಂದು ಮೇವಿಸ್ ರಾತ್ರಿಯಿಡೀ ಲೆಕ್ಕ ಹಾಕಿದ್ದಳು. ಬಂದದ್ದು ಹಾಗಲ್ಲ. ಅಣ್ಣನನ್ನು ಕೊಡದ ಸಮುದ್ರದ ಮೇಲೆ, ಬುಧವಾರದ ಕತ್ತಿಯ ಮೇಲೆ, ಹೋದ ವರ್ಷ ತೆರೆಯದ ತನ್ನದೇ ಬಾಯಿಯ ಮೇಲೆ ಇದ್ದ ಸಿಟ್ಟೆಲ್ಲ ಒಂದೇ ಸಲ ನುಗ್ಗಿತು.

“ಮನೇಲವ್ನೆ!”

ಅರ್ಧ ಧ್ವನಿ, ಅರ್ಧ ಬರಿಯ ಗಾಳಿ. ಚರ್ಚಿನ ಗೋಡೆಗೆ ಬಡಿದು ಹಿಂದಕ್ಕೆ ಬಂತು.

ಇನ್ನೊಂದು ಹೆಸರು ಉಳಿದಿತ್ತು. ಮೇವಿಸ್‌ಳ ಬಾಯಿಂದ ಹೊರಟ ಉಸಿರು ಚಳಿಯಲ್ಲಿ ಬೆಳ್ಳಗೆ, ಅವಳ ಮುಖದ ಮುಂದೆ ನಿಂತೇ ಇತ್ತು. ಜುಡಿತ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅದು ಪೂರ್ತಿ ಕರಗುವವರೆಗೆ ಕಾದಳು.