ಮಳೆ ಕಾಣದ ಕಂಬಳಿ

ಸಮುದ್ರದಲ್ಲಿ ತಾವರೆ ಅರಳುವುದಿಲ್ಲ ಎಂಬುದು ಸಿದರಾಯನಿಗೆ ಗೊತ್ತಾದದ್ದು ಅವನ ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನು ಕಂಡ ಸಮುದ್ರ ಒಂದೇ. ಜಮಖಂಡಿಯ ಪೇಟೆಯಲ್ಲಿ ಅವನು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋದ ಹಿಂಗೋಡೆಗೆ ನೇತುಬಿಟ್ಟ ಬಣ್ಣದ ಪರದೆ. ಅದನ್ನು ಬರೆದ ಪೇಂಟರನೂ ಸಮುದ್ರ ನೋಡಿದವನಲ್ಲ. ಕೆರೆಯನ್ನೇ ಹಿಗ್ಗಿಸಿ, ನೀಲಿ ಬಳಿದು, ಅಂಚಿಗೆ ನಾಲ್ಕು ತಾವರೆ ಇಟ್ಟು ಕೈತೊಳೆದುಕೊಂಡಿದ್ದ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮದುಮಕ್ಕಳೆಲ್ಲ ಹತ್ತು ವರ್ಷಗಳಿಂದ ಆ ತಾವರೆಗಳ ಮುಂದೆಯೇ ಕೂತು ಎದ್ದು ಹೋಗಿದ್ದರು. ಒಬ್ಬರೂ ತಕರಾರು ಮಾಡಿರಲಿಲ್ಲ.

ನಕ್ಕವರು ಹೊಸದಾಗಿ ವರ್ಗವಾಗಿ ಬಂದ ಪೋಸ್ಟ್ ಮಾಸ್ತರರು. ಕಾರವಾರದವರು. ಫೋಟೋಕ್ಕೆ ಕುರ್ಚಿಯಲ್ಲಿ ಕೂತವರು ಹಿಂತಿರುಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಒಂದು ಮರಾಠಿ ಪತ್ರಿಕೆಯ ತುಂಡನ್ನು ತಂದುಕೊಟ್ಟರು. ಮುಂಬಯಿಯ ಹವ್ಯಾಸಿ ಛಾಯಾಚಿತ್ರಕಾರರ ಸಂಘವೊಂದು ಜನವರಿಯಲ್ಲಿ ಕಾರವಾರದ ಕಡಲದಂಡೆಯಲ್ಲಿ ಎಂಟು ದಿನದ ಶಿಬಿರ ನಡೆಸುತ್ತದೆ. ಕಡಲು, ಬಂಡೆ, ಬೆಳಕು ಇವನ್ನು ಹಿಡಿಯುವುದು ಹೇಗೆಂದು ಕಲಿಸುತ್ತದೆ. ಹನ್ನೆರಡು ಜನಕ್ಕೆ ಮಾತ್ರ ಜಾಗ. ಬರಬೇಕೆನ್ನುವವರು ನೀರು ಮತ್ತು ಆಕಾಶದ ಒಂದು ಚಿತ್ರವನ್ನು, ಅದರ ಗಾಜಿನ ನೆಗೆಟಿವ್ ಸಮೇತ, ನವೆಂಬರ್ ಮೂವತ್ತರೊಳಗೆ ಕಳಿಸಬೇಕು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿರಕೂಡದು.

ಆ ಕೊನೆಯ ಸಾಲು ಸಿದರಾಯನಿಗೆ ಚುಚ್ಚಿತು. ಅವನ ಕೆಲಸವೇ ಅದು. ಆರು ವರ್ಷಗಳಿಂದ ಕಿಟಕಿಯ ಹತ್ತಿರ ಕೂತು, ಮೊನಚು ಪೆನ್ಸಿಲಿನಿಂದ ನೆಗೆಟಿವ್ ತಿದ್ದುತ್ತಿದ್ದ. ಮದುಮಗಳ ಸಿಡುಬಿನ ಕಲೆ ಮುಚ್ಚುವುದು, ಸಾಹುಕಾರನ ಕಣ್ಣಿನ ಕೆಳಗಿನ ಸುಕ್ಕು ಅಳಿಸುವುದು. ಜಗತ್ತು ಇದ್ದಂತೆ ಅವನ ಕೈದಾಟಿ ಹೋದದ್ದೇ ಇಲ್ಲ. ಒಂದು ಸಲ, ಒಂದೇ ಸಲ, ಏನನ್ನೂ ತಿದ್ದದ ಚಿತ್ರ ತೆಗೆಯಬೇಕು. ಅದರ ಬೆನ್ನು ಹತ್ತಿ ನಿಜವಾದ ಸಮುದ್ರದ ಮುಂದೆ ಹೋಗಿ ನಿಲ್ಲಬೇಕು. ನಿರ್ಧಾರ ಅಲ್ಲಿಗೆ ಮುಗಿಯಿತು.

ಸ್ಟುಡಿಯೋ ಕಟ್ಟಿದ ಶಂಕರೆಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವಳು ಅವನ ಹೆಂಡತಿ ರತ್ನಾಬಾಯಿ.

"ಅಕ್ಕಾರ, ದೊಡ್ಡ ಕ್ಯಾಮೆರಾ ಬೇಕಾಗೇತ್ರಿ. ಮತ್ತ ನಾಕ ಪ್ಲೇಟು."

"ಎದಕ್ಕ?"

"ಹೊಳೀ ಫೋಟೋ ತಗ್ಯಾಕ."

"ತುಳಸೀ ಲಗ್ನ ಆದಕೂಡ್ಲೆ ಮದವಿ ಚಾಲೂ ಆಗ್ತಾವ, ಪ್ಲೇಟ್ ಸಾಲಂಗಿಲ್ಲ ಅಂತ ನಾ ಒದ್ದಾಡಾಕತ್ತೇನಿ. ಹೊಳೀಗೇನು ಮದವಿ ಗೊತ್ತಾಗೇತೇನು?" ಎಂದಳು ರತ್ನಾಬಾಯಿ. ಆದರೂ ಪತ್ರಿಕೆಯ ತುಂಡನ್ನು ಇಸಿದುಕೊಂಡು ಎರಡು ಸಲ ಓದಿದಳು. "ಮೂರ್ ಒಯ್ಯಿ. ನಾಕನೇದ್ದ ಕೇಳಬ್ಯಾಡ."

ಮೂರು ಗಾಜಿನ ಪ್ಲೇಟು. ಮೊದಲನೆಯದು ದಾರಿಯಲ್ಲೇ ಹೋಯಿತು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಅದನ್ನು ಮರದ ಚೌಕಟ್ಟಿನೊಳಗೆ ಕೂಡಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಚಿಕ್ಕಪಡಸಲಗಿಯ ಕೃಷ್ಣಾ ಹೊಳೆಯ ದಂಡೆಗೆ ಹೋಗಿದ್ದ. ಗಾಡಿದಾರಿಯ ಕುಲುಕಾಟಕ್ಕೆ ಹಳೆಯ ಚೌಕಟ್ಟಿನ ಮುಚ್ಚಳ ಸಡಿಲಾಗಿ ಬೆಳಕು ಒಳಹೊಕ್ಕು, ತೊಳೆದಾಗ ಇಡೀ ಗಾಜು ಕಾಡಿಗೆಯಂತೆ ಕಪ್ಪಾಗಿತ್ತು.

ಹಾಗಾದರೆ ಪ್ಲೇಟನ್ನು ಡಬ್ಬಿಯಲ್ಲೇ ಒಯ್ದು, ಹೊಳೆಯ ದಂಡೆಯಲ್ಲೇ ಚೌಕಟ್ಟಿಗೆ ಹಾಕಬೇಕು. ಅದಕ್ಕೆ ಕತ್ತಲೆ ಬೇಕು. ಸ್ಟುಡಿಯೋದ ಕರಿಯ ಮುಸುಕುಬಟ್ಟೆಯನ್ನು ಇಲಿ ಕಡಿದಿತ್ತು. ಸಿದರಾಯ ಚಿಂತಿಸಲಿಲ್ಲ. ಅವನು ಕುರಿ ಕಾಯುವವರ ಮನೆಯವನು. ಹೋದ ತಿಂಗಳಷ್ಟೇ ಅವ್ವ ಮಾಯವ್ವ ಅವನಿಗೆಂದು ಹೊಸ ಕಂಬಳಿ ನೇಯಿಸಿಕೊಟ್ಟಿದ್ದಳು. ಮಳೆಯನ್ನೇ ತಡೆಯುವ ಕಂಬಳಿ ಬೆಳಕನ್ನು ತಡೆಯದೇ? ಇಷ್ಟು ಸುಲಭದ ವಿಚಾರ ಬೇರೆ ಯಾವ ಫೋಟೋಗ್ರಾಫರನಿಗೂ ಹೊಳೆದಿರಲಾರದು ಎಂದು ಒಳಗೊಳಗೇ ಹಿಗ್ಗಿದ. ಎರಡನೆಯ ಪ್ಲೇಟನ್ನು ಅದರ ಕೆಳಗೇ ಕೂತು ಹಾಕಿದ, ಅದರ ಕೆಳಗೇ ಬಿಚ್ಚಿ ಡಬ್ಬಿಗಿಟ್ಟ.

ಚಿತ್ರ ಬಂತು. ಅವನೇ ನಂಬದಷ್ಟು ಚೆನ್ನಾಗಿ ಬಂತು. ಹೊಳೆ ಪಡುವಣದ ಕಡೆ ನೇರವಾಗಿ ಚಾಚಿ ಆಕಾಶಕ್ಕೆ ತಾಗುವ ಜಾಗ. ಸಣ್ಣವನಿದ್ದಾಗ ಕುರಿಗೆ ನೀರು ಕುಡಿಸಲು ಬಂದು ಅವನು ಕಂಡಿಟ್ಟದ್ದು. ಆದರೆ ಆ ಆಕಾಶದ ತುಂಬ ಕರಿಯ ಎಳೆಗಳು, ನಡುನಡುವೆ ನುಚ್ಚಿನಂಥ ಚುಕ್ಕೆಗಳು.

ರತ್ನಾಬಾಯಿ ಪ್ರಿಂಟನ್ನು ಬೆಳಕಿಗೆ ಹಿಡಿದಳು. "ಹುಳಾ ಬಿದ್ದಾವೇನೋ?"

ಸಿದರಾಯ ಭೂತಗನ್ನಡಿ ಇಟ್ಟು ನೋಡಿದ. ಎಳೆಗಳಿಗೆ ತುದಿಯಲ್ಲಿ ಒಂದು ಸುರುಳಿ. ಆ ಸುರುಳಿಯನ್ನು ಅವನು ನಡೆಯಲು ಕಲಿಯುವ ಮೊದಲೇ ಬಲ್ಲ. ಕುರಿಯ ಉಣ್ಣೆ. ಚುಕ್ಕೆಗಳು ಹೊಸ ಕಂಬಳಿ ಬಿರುಸಾಗಲೆಂದು ಸವರುವ ಹುಣಸೆ ಬೀಜದ ಗಂಜಿಯ ಪುಡಿ. ಕತ್ತಲಲ್ಲಿ ಅವ್ವನ ಕಂಬಳಿ ಸದ್ದಿಲ್ಲದೆ ಪ್ಲೇಟಿನ ಮೇಲೆ ಉದುರಿತ್ತು.

"ಪೆನ್ಸಿಲ್ ತಗೊಂಡು ಮುಚ್ಚಿಬಿಡು. ಮೋತ್ಯಾಗಿನ ಕಲಿ ಮುಚ್ಚಾಂವಗ ಆಕಾಶದಾಗಿಂದು ಭಾಳ ಆತೇನು? ಮುಂಬೈದಾಗ ಕುಂತಾಂವ್ಗ ಏನ್ ತಿಳೀತೈತಿ?"

ಅವನು ಪೆನ್ಸಿಲ್ ಹಿಡಿದು ಕೂತದ್ದೂ ಖರೆ. ಒಂದು ಎಳೆ ಮುಚ್ಚಿದ. ಯಾರಿಗೂ ಗೊತ್ತಾಗದಂತೆ ಮುಚ್ಚಿತು. ಅದೇ ಅವನಿಗೆ ಹೇಸಿಗೆ ತಂದಿತು. ಇನ್ನೂ ಮೂವತ್ತು ಎಳೆ ಇದ್ದವು, ಮೂವತ್ತನ್ನೂ ಮುಚ್ಚಬಲ್ಲೆ. ಆಮೇಲೆ ಕಾರವಾರಕ್ಕೆ ಹೋಗುವವನು ಯಾರು? ತಾವರೆಯ ಪೇಂಟರ್ ಹೋದಂತೆಯೇ ಆಯಿತಲ್ಲ. ಪೆನ್ಸಿಲನ್ನು ಕಿಟಕಿಯ ಕಟ್ಟೆಗಿಟ್ಟು ಎದ್ದ.

"ಇನ್ನೊಂದ್ ಪ್ಲೇಟ್ ಐತ್ರಿ, ಅಕ್ಕಾರ."

"ಅದೂ ಹೋತಂದ್ರ?"

"ಹೋಗಗೊಡೂದಿಲ್ರಿ."

ಕೂದಲು ಉದುರದ ಕಂಬಳಿ ಎಂದರೆ ಹತ್ತಾರು ಮಳೆಗಾಲ ನೆನೆದು, ಒಣಗಿ, ಚರ್ಮದಂತೆ ಬಿಗಿದ ಹಳೆಯ ಕಂಬಳಿ. ಅಂಥದ್ದು ಅವನ ಬಳಗದಲ್ಲಿ ಒಬ್ಬನ ಹೆಗಲ ಮೇಲಿತ್ತು: ಕಾಕಾ ಜಕ್ಕಪ್ಪನ ಹೆಗಲ ಮೇಲೆ. ಅಪ್ಪ ಸತ್ತ ಮೇಲೆ ಸಾಕಿದವನು. ಸಿದರಾಯ ಹಿಂಡು ಬಿಟ್ಟು ಸ್ಟುಡಿಯೋ ಸೇರಿದ ದಿನದಿಂದ ಅವನೊಂದಿಗೆ ಮಾತು ಬಿಟ್ಟವನು.

ಇಪ್ಪತ್ತೈದನೆಯ ತಾರೀಖು ಮಧ್ಯಾಹ್ನ, ಹೊಳೆಯ ಹತ್ತಿರದ ಹೊಲವೊಂದರಲ್ಲಿ ಜಕ್ಕಪ್ಪನ ಹಿಂಡು ಸಿಕ್ಕಿತು. ಮುದುಕ ಕೋಲಿನ ಮೇಲೆ ಗದ್ದವೂರಿ ನಿಂತಿದ್ದ. ಸೈಕಲ್ ನೋಡಿದ, ಅದರ ಮೇಲಿನ ಮರದ ಪೆಟ್ಟಿಗೆ ನೋಡಿದ, ಸಿದರಾಯನನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ಕಾಕಾ, ನಿನ್ ಕಂಬಳಿ ಬೇಕಾಗೇತಿ. ಒಂದ್ ತಾಸು."

"ನಿಮ್ಮವ್ವ ಹೊಸಾದ್ದ ಕೊಟ್ಟಾಳಲ್ಲ."

ಸಿದರಾಯ ಪ್ರಿಂಟನ್ನು ತೆಗೆದು ಮುಂದೆ ಹಿಡಿದ. ಜಕ್ಕಪ್ಪ ಕಣ್ಣು ಕಿರಿದು ಮಾಡಿ ನೋಡಿದ. ನೋಡುತ್ತ ನೋಡುತ್ತ ಅವನ ಮೀಸೆ ಅಲುಗಿತು.

"ಮಳಿ ಕಾಣದ ಕಂಬಳಿ ಹೊತಗೊಂಡು ಕುಂತಿ? ಕುರುಬರ ಹೊಟ್ಟ್ಯಾಗ ಹುಟ್ಟಿ ಇಷ್ಟೂ ತಿಳೀಲಿಲ್ಲೇನ್ಲೇ? ಆರ್ ವರ್ಷ ಗಾಜ ತಿಕ್ಕಿ ಶಾಣ್ಯಾ ಆಗಿ ನೋಡು!"

"ಆತು, ಹುಚ್ಚನ ಅದೇನಿ. ಕಂಬಳಿ ಕೊಡು."

"ಬೀರಪ್ಪ ದೇವರ ಮುಂದ ಹಾಸಿದ್ದೈತಿ ಇದು. ಹೆಗಲ ಬಿಟ್ಟು ಮಂದೀ ಕೈಯಾಗ ಕೊಡಂಗಿಲ್ಲ."

"ನಾ ಮಂದಿ ಏನು?"

"ಬಿಟ್ಟ ಹೋದಾಂವ ಮತ್ತೇನು?"

ಸಿದರಾಯ ಸೈಕಲ್ ತಿರುಗಿಸಲಿಲ್ಲ. ಹೊತ್ತು ಇಳಿಯುತ್ತಿತ್ತು, ಪ್ಲೇಟು ಒಂದೇ ಉಳಿದಿತ್ತು, ಕಾಲು ಕದಲಿಸುವುದಿಲ್ಲ ಎಂದು ನಿಂತ. ಕುರಿಗಳು ಅವನ ಸುತ್ತ ಮೇಯುತ್ತ ಮುಂದೆ ಹೋದವು. ತುಸು ಹೊತ್ತಿಗೆ ಜಕ್ಕಪ್ಪನೇ ಕೆಮ್ಮಿದ.

"ಕೊಡಂಗಿಲ್ಲ ಅಂದೆ. ಬರಂಗಿಲ್ಲ ಅಂದಿಲ್ಲ. ಹೆಗಲಮ್ಯಾಲ ಇರತೈತಿ, ನೀ ಒಳಗ ಬಾ."

ಹಿಂಡನ್ನು ಜೊತೆಯವರಿಗೆ ಒಪ್ಪಿಸಿ ಇಬ್ಬರೂ ಹೊಳೆಗಿಳಿದರು. ಸಿದರಾಯ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕಾಕಾನ ಕಂಬಳಿಯ ಸೆರಗಿನಡಿ ತಲೆ ತೂರಿಸಿ ಚಿತ್ರ ಹೊಂದಿಸಿದ. ಕಂಬಳಿ ಹೊತ್ತವನೂ ಬಗ್ಗಲೇಬೇಕಾಯಿತು. ಹಿಂದಿನ ಮಸುಕು ಗಾಜಿನ ಮೇಲೆ ಬಿದ್ದ ಬಿಂಬ ನೋಡಿ ಜಕ್ಕಪ್ಪ ಹೌಹಾರಿದ.

"ಏ, ಹೊಳಿ ಮ್ಯಾಲ ಹೋಗೇತಿ! ಆಕಾಶ ತಳಗೈತಿ! ನೀರ್ ಸುರದೀತಲೇ!"

"ಅದು ಹಂಗ ಕಾಣೂದು, ಕಾಕಾ. ಸುರ್ಯೂದಿಲ್ಲ."

ಆಮೇಲೆ ಪ್ಲೇಟು ಹಾಕುವ ಕೆಲಸ. ಮರಳ ಮೇಲೆ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ಜಕ್ಕಪ್ಪ ಕಂಬಳಿಯನ್ನು ಇಬ್ಬರ ಮೇಲೂ ಎಳೆದು, ಅಂಚನ್ನು ಕಾಲಕೆಳಗೆ ಒತ್ತಿ ಹಿಡಿದ. ಒಳಗೆ ಹೊಗೆ, ಹಿಕ್ಕೆ, ಹಳೆಯ ಮಳೆ ಎಲ್ಲದರ ವಾಸನೆ. ಎಂಟು ವರ್ಷದ ಸಿದರಾಯ ಆಲಿಕಲ್ಲು ಬಿದ್ದಾಗಲೆಲ್ಲ ಕೂತಿರುತ್ತಿದ್ದದ್ದು ಇದೇ ಕತ್ತಲಲ್ಲಿ.

"ಕಾಕಾ, ಉಸರ್ ಆ ಕಡಿ ಬಿಡು. ಗಾಜಿಗೆ ಹಬಿ ಕೂಡ್ತೈತಿ."

"ಉಸರೂ ಬಿಡಬಾರದಾ? ಸಾಯ್ಲೇನು ನಾ?"

"ಸಾಯಬ್ಯಾಡ. ಮೋತಿ ತಿರವು, ಸಾಕು."

ಸಿದರಾಯ ಗಾಜಿನ ಮೂಲೆಯನ್ನು ಒದ್ದೆ ತುಟಿಗೆ ಮುಟ್ಟಿಸಿದ. ಅಂಟಿದ ಬದಿ ಬೆಳಕು ಹಿಡಿಯುವ ಮಸಾಲೆ ಬಳಿದ ಬದಿ. ಅದನ್ನು ಮುಂದೆ ಮಾಡಿ ಚೌಕಟ್ಟಿಗೆ ಇಳಿಸಿದ.

ಹೊರಗೆ ಬಂದು ಚೌಕಟ್ಟನ್ನು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸುವಾಗ ನೀರಿನ ಮೇಲೆ ಗಾಳಿ ಸುಕ್ಕು ಎಬ್ಬಿಸುತ್ತಿತ್ತು. ಅವನು ಲೆನ್ಸಿನ ಟೊಪ್ಪಿಗೆಗೆ ಕೈ ಹಾಕಿದ.

"ತಡಿ," ಎಂದ ಜಕ್ಕಪ್ಪ. "ಹೊತ್ತು ಇನ್ನೊಂದ್ ಗೇಣ ಇಳೀಲಿ. ಆಗ ಗಾಳಿ ಬೀಳತೈತಿ. ಕುರಿ ಮೇಯೂದ್ ಬಿಟ್ಟು ತಲಿ ಎತ್ತತಾವು, ಆವಾಗ."

ಇಬ್ಬರೂ ದಂಡೆಯ ಮೇಲಿನ ಹಿಂಡನ್ನೇ ನೋಡುತ್ತ ನಿಂತರು. ಒಂದು ತಲೆ ಎದ್ದಿತು. ನಾಲ್ಕು. ಆಮೇಲೆ ಎಲ್ಲ. ಸಿದರಾಯ ತಿರುಗಿ ನೋಡುವಷ್ಟರಲ್ಲಿ ಕೃಷ್ಣೆಯ ನೀರು ಇಸ್ತ್ರಿ ಮಾಡಿದ ಹಾಗೆ ಮಲಗಿತ್ತು. ಟೊಪ್ಪಿಗೆ ತೆಗೆದ, ಎಣಿಸಿದ, ಹಾಕಿದ.

ಪ್ಲೇಟು ಮತ್ತೆ ಕಾಕಾನ ಕಂಬಳಿಯಡಿಯೇ ಡಬ್ಬಿ ಸೇರಿತು. ಆ ರಾತ್ರಿ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಆಕಾಶ ನಿಧಾನವಾಗಿ ಮೂಡಿತು. ರತ್ನಾಬಾಯಿ ಬಾಗಿಲ ಹೊರಗೆ ನಿಂತು ಮೂರು ಸಲ "ಏನಾತು?" ಎಂದಳು. ಅವನು ಗಾಜನ್ನು ತೊಳೆದು, ಭೂತಗನ್ನಡಿಯಿಂದ ಮೂಲೆ ಮೂಲೆ ಹುಡುಕಿದ ಮೇಲೆಯೇ ಉತ್ತರ ಕೊಟ್ಟ.

"ಏನೂ ಇಲ್ರಿ, ಅಕ್ಕಾರ. ಬರೇ ಆಕಾಶ ಐತಿ."

ಡಿಸೆಂಬರಿನ ಮೂರನೆಯ ವಾರ ಪೋಸ್ಟ್ ಮಾಸ್ತರರೇ ಪತ್ರ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. ಹನ್ನೆರಡರಲ್ಲಿ ಅವನ ಹೆಸರು ಒಂಬತ್ತನೆಯದು. ಕೆಳಗೆ, ತರಬೇಕಾದ ಸಾಮಾನುಗಳ ಯಾದಿ. ರತ್ನಾಬಾಯಿ ಓದಿ ಹೇಳುತ್ತ ಹೋದಳು. ಕ್ಯಾಮೆರಾ ತಾನು ಕೊಡುವೆನೆಂದಳು, ಚೌಕಟ್ಟಿನ ಮುಚ್ಚಳಕ್ಕೆ ಬಡಿಗನಿಂದ ಹೊಸ ಪಟ್ಟಿ ಹಾಕಿಸುವೆನೆಂದಳು. ಮುಸುಕಿಗೆ ಕರಿಯ ಬಟ್ಟೆ ಎಂಬಲ್ಲಿ ಬಂದು ತಲೆ ಎತ್ತಿದಳು.

"ಅದು ನಂದ್ರಿ," ಎಂದ ಸಿದರಾಯ.

ಹೊಳೆದಂಡೆಯಲ್ಲಿ ಜಕ್ಕಪ್ಪ ಸಿಕ್ಕಿದ. ಮೊಣಕಾಲು ನೀರಿನಲ್ಲಿ ನಿಂತು, ಸಿದರಾಯನ ಹೊಸ ಕಂಬಳಿಯನ್ನು ಬಂಡೆಗೆ ಅಪ್ಪಳಿಸುತ್ತಿದ್ದ. ಫೋಟೋ ತೆಗೆದ ದಿನವೇ, ಪೆಟ್ಟಿಗೆಯ ಅಡಿಗೆ ಹಾಸಿ ತಂದಿದ್ದ ಅದನ್ನು ಸೈಕಲ್ಲಿನಿಂದ ಬಿಚ್ಚಿ ಇಟ್ಟುಕೊಂಡಿದ್ದ. ಇಪ್ಪತ್ತು ದಿನ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿದ್ದು, ಬಿಸಿಲಿಗೆ ಒಣಗಿಸಿದ್ದು, ಮತ್ತೆ ಮುಳುಗಿಸಿದ್ದು ಅದರ ಬಣ್ಣದಲ್ಲೇ ಕಾಣುತ್ತಿತ್ತು.

"ಕರದ್ರು, ಕಾಕಾ."

"ಕರೀಲಾರ್ದ ಏನ್ ಮಾಡ್ತಾರ? ಯಾವತ್ತು ಹೋಗೂದು?"

"ಎರಡನೇ ತಾರೀಖ. ಇನ್ನ ಹದಿಮೂರ್ ದಿನ."

ಜಕ್ಕಪ್ಪ ಕಂಬಳಿಯ ಒಣಗಿದ ಮೂಲೆಯೊಂದನ್ನು ಎತ್ತಿ ಅವನ ಕೈಗೆ ಕೊಟ್ಟ. ಸಿದರಾಯ ಅಂಗೈಯಿಂದ ಬಲವಾಗಿ ಉಜ್ಜಿ, ಅಂಗೈಯನ್ನು ಬಿಸಿಲಿಗೆ ಹಿಡಿದ. ಮುದುಕನೂ ಬಗ್ಗಿ ನೋಡಿದ. ರೇಖೆಗಳ ನಡುವೆ ಒಂದೇ ಒಂದು ಕೂದಲು, ತುದಿ ಸುರುಳಿಯಾಗಿ.

"ಇನ್ನೂ ಎಂಟ್ ದಿನ ಬೇಕು ಇದಕ್ಕ," ಎಂದು ಜಕ್ಕಪ್ಪ ಕಂಬಳಿಯನ್ನು ಹೊಳೆಗೆ ತಳ್ಳಿ, "ಕಲ್ಲ ತಾ, ದೊಡ್ಡದು," ಎಂದ.

ಸಿದರಾಯ ಪಾಯಿಜಾಮ ಮೇಲಕ್ಕೆತ್ತಿ ನೀರಿಗಿಳಿದ.