ಬಾಗಿಲಲ್ಲಿ ನಿಂತದ್ದು

ಅಥವಾ ರಾವಸಾಹೇಬರಿಗೆ ದೆವ್ವದ ಪಾತ್ರಕ್ಕೆ ಯಾರೂ ಸಿಕ್ಕಿರಲಿಲ್ಲವೇ?

ಗೋಕಾಕದ ಸಿನಿಮಾ ತಂಬುವಿನಲ್ಲಿ ಅವರ ಭೂತದ ಚಿತ್ರವನ್ನು ಐದನೆಯ ಸಲ ನೋಡುವಾಗ ಮುರಿಗೆಪ್ಪನಿಗೆ ಈ ಸಂಶಯ ಬಂತು. ಕೊಲ್ಲಾಪುರದ ಈ ನಿರ್ದೇಶಕರು ಭೂತವನ್ನು ಎಂದೂ ತೋರಿಸುತ್ತಿರಲಿಲ್ಲ. ಒಂದು ಬಾಗಿಲು, ಅದನ್ನು ನೋಡುವ ಒಂದು ಮುಖ. ಹಾಡಿಲ್ಲ, ಮಾತಿಲ್ಲ. ಅಷ್ಟಕ್ಕೇ ಮುಂದೆ ಕೂತ ಪೈಲವಾನರು ಧೋತರ ಬಿಗಿಹಿಡಿಯುತ್ತಿದ್ದರು. ಲೋಕದಲ್ಲಿ ತನ್ನಂಥ ಮೌನಿ ಇನ್ನೊಬ್ಬನಿದ್ದಾನೆ ಎಂದು ಮುರಿಗೆಪ್ಪನಿಗೆ ಸಮಾಧಾನವಾಗಿತ್ತು. ಆದರೂ ತಾನು ತೆಗೆಯಲಿರುವ ಚಿತ್ರದಲ್ಲಿ ದೆವ್ವ ಕಾಣಿಸಲೇಬೇಕು ಎಂದುಕೊಂಡ. ಗುರುವಿಗಿಂತ ಒಂದು ದೆವ್ವದಷ್ಟಾದರೂ ಮುಂದಿರಬೇಕು.

ಬಿ.ಎ. ಮುಗಿಸಿ ಮೂಡಲಗಿಗೆ ಮರಳಿದವನಿಗೆ ಅಂಕಲಗಿಯಲ್ಲಿ ಮಾಸ್ತರಿಕೆ ಕಾದಿತ್ತು. ತಪ್ಪಿಸಿಕೊಳ್ಳಲು ಒಂದೇ ದಾರಿ. ರಾವಸಾಹೇಬರು ಮುಂದಿನ ತಿಂಗಳು ಹುಕ್ಕೇರಿಯ ಬೀಗರ ಮನೆಗೆ ಬರುವವರಿದ್ದರು. ಮೂರು ನಿಮಿಷದ ಚಿತ್ರ ತೋರಿಸು, ಹಿಡಿಸಿದರೆ ಕೆಲಸ ಕಲಿಸುತ್ತೇನೆ ಎಂದು ಇವನ ಕಾಗದಕ್ಕೆ ಉತ್ತರ ಬರೆದಿದ್ದರು. ಗೆಳೆಯ ಕೊಟ್ಟ ಕೈಕ್ಯಾಮರಾದಲ್ಲಿ ಒಂದೇ ರೀಲು ಇತ್ತು. ಯುದ್ಧದ ಕಾಲ, ಇನ್ನೊಂದು ಸಿಗುವಂತಿರಲಿಲ್ಲ.

ಕುಲಗೋಡದ ಸೋದರಮಾವ ಲಕ್ಕಪ್ಪ ದೆವ್ವವಾಗಲು ಒಪ್ಪಿದ್ದ. ಚಿತ್ರ ತೆಗೆಯಲು ಅವನ ಮನೆಗೆ ಹೋದ ದಿನ ಮಿಂದು, ಹಣೆತುಂಬ ವಿಭೂತಿ ಬಳಿದು, ಕೊರಳಲ್ಲಿ ಬೆಳ್ಳಿ ಕರಡಿಗೆಯ ಲಿಂಗ ಹೊಳೆಯಿಸುತ್ತ ಬಂದು ನಿಂತ. ನೋಡಿದವರು ಕಾಲಿಗೆ ಬೀಳಬೇಕು, ಹಾಗಿದ್ದ. ಲಿಂಗವನ್ನು ಸ್ವಲ್ಪ ಹೊತ್ತು ತೆಗೆದಿಡಲು ಮುರಿಗೆಪ್ಪ ಕೇಳಿಕೊಂಡ.

“ಇದನ್ನ ತಗದ್ರ ನಾ ಸತ್ತಂಗ, ತಮ್ಮಾ.”

ಪಾತ್ರಕ್ಕೂ ಅಷ್ಟೇ ಬೇಕಾಗಿತ್ತು.

“ನಮ್ಮವರು ಸತ್ರ ಲಿಂಗೈಕ್ಯ ಆಗತಾರ. ದೆವ್ವ ಆಗೂ ಪದ್ಧತಿನ ಇಲ್ಲ. ಇದ್ದಿದ್ರ ನಿಮ್ಮ ಅಜ್ಜ ನಮ್ಮನ್ನ ಕಾಡದ ಬಿಡತಿದ್ನೇನು?” ಎಂದು ಲಕ್ಕಪ್ಪ ಹೊಲಕ್ಕೆ ಹೋದ.

ಉಳಿದವಳು ಅವನ ಹೆಂಡತಿ ಕಾಶೆವ್ವ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವಳಿಗೆ, ಬಾಗಿಲ ಕಡೆ ನೋಡಿ ಅಂಜು ಎಂದು ಹೇಳಿಕೊಟ್ಟದ್ದಾಯಿತು.

“ಮೂವತ್ತ ವರ್ಸ ನಿಮ್ಮ ಮಾವನ ಜೋಡಿ ಬಾಳೇ ಮಾಡೇನಿ. ಇನ್ಯಾವ ದೆವ್ವಕ್ಕ ಅಂಜಲಿ?”

ಅರ್ಧ ರೀಲು ಅವಳು ಕಲ್ಲು ಆರಿಸುವುದರಲ್ಲೇ ಹೋಯಿತು. ಆಮೇಲೆ ಕಾಶೆವ್ವ ತಲೆ ಎತ್ತಿದಳು. ಕೈ ನಿಂತಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು. ಮುರಿಗೆಪ್ಪ ಹಿಂತಿರುಗಿ ನೋಡದೆ ರೀಲು ತೀರುವವರೆಗೂ ಅವಳ ಮುಖವನ್ನೇ ಕ್ಯಾಮರಾದಲ್ಲಿ ಹಿಡಿದ. ತೀರಿದ ಮೇಲೆ ನೋಡಿದ. ಹೊಸ್ತಿಲಲ್ಲಿ ಎಮ್ಮೆ ನಿಂತಿತ್ತು. ಅಂಗಳದಲ್ಲಿ ಒಣಹಾಕಿದ್ದ ಕಾಶೆವ್ವನ ತವರಿನ ಸೀರೆ ಅರ್ಧ ಅದರ ಬಾಯೊಳಗಿತ್ತು.

ಹುಕ್ಕೇರಿಯಲ್ಲಿ ಬೀಗರ ಹತ್ತಿ ಅಂಗಡಿಯ ಕೋಣೆಯನ್ನು ಮಧ್ಯಾಹ್ನ ಮುಚ್ಚಿ ಕತ್ತಲೆ ಮಾಡಿ ಚಿತ್ರ ತೋರಿಸಿದರು. ರಾವಸಾಹೇಬರು ಮೂರು ಸಲ ಹಾಕಿಸಿದರು. ಆಮೇಲೆ ಮುರಿಗೆಪ್ಪನ ಕಡೆ ತಿರುಗಿದರು.

“ಬಾಗಲದಾಗ ಏನಿತ್ತು?”

ಮುರಿಗೆಪ್ಪ ಬಾಯಿ ತೆರೆದ. ಅಂಕಲಗಿಯ ಕರಿಹಲಗೆ ಕಣ್ಣೆದುರು ಬಂತು.

“ಬ್ಯಾಡ, ಹೇಳಬ್ಯಾಡ,” ಎಂದರು ರಾವಸಾಹೇಬರು. “ನನ್ನ ಮೊದಲನೇ ಚಿತ್ರದ ಬಾಗಲದಾಗ ಏನಿತ್ತಂತ ನಾನೂ ಯಾರಿಗೂ ಹೇಳಿಲ್ಲ. ಬರೂ ಸ್ವಾಮಾರ ಕೊಲ್ಲಾಪುರಕ್ಕ ಬಾ.”

ಆರು ವರ್ಷ ಅವರ ಕೈಕೆಳಗೆ ದುಡಿದ. ಅದು ಎಮ್ಮೆ ಎಂದು ಒಮ್ಮೆಯೂ ಹೇಳಲಿಲ್ಲ.